ಚಕ್ಕುಲಿ ಒರಳಿನ ದುರ್ಬೀನು

ನಮ್ಮನೆಯವರಿಗೆ ಒಂದು ಫರ್ಲಾಂಗಿಗಿಂತ ಹತ್ತಿರ ಇರುವ ಯಾವುದೂ ಕಣ್ಣಿಗೆ ಕಾಣುವುದಿಲ್ಲ! ಹೊಟ್ಟೆಯುರಿಗೆ ಹೇಳುತ್ತಿಲ್ಲ, ಬೇಕಾದರೆ ವಿಭೂತಿ ಮುಟ್ಟಿ ಹೇಳುತ್ತೇನೆ. ಕೆರೆಯ ಆಚೆ ದಡದಲ್ಲಿ ನಿಂತ ಕೊಕ್ಕರೆ ಎತ್ತಿದ್ದು ಎಡಗಾಲೋ ಬಲಗಾಲೋ ಕೇಳಿ, ತಟ್ಟನೆ ಹೇಳುತ್ತಾರೆ. ಅದೇ ತಮ್ಮ ತಟ್ಟೆಯಲ್ಲಿದ್ದದ್ದು ಹೆಸರುಕಾಳೋ ಮಡಿಕೆಕಾಳೋ ಎಂದು ಕೇಳಿ, ಉಂಡು ಕೈತೊಳೆದು ಎದ್ದ ಮೇಲೂ ಹೇಳಲಾರರು. ಮದುವೆಯಾದ ಹೊಸತರಲ್ಲಿ ಹಲ್ಲುನೋವು ಬಂದು ನನ್ನ ಮುಖ ಒಂದು ಕಡೆ ಕುಂಬಳಕಾಯಿಯಾಗಿತ್ತು. ಊತವೆಲ್ಲ ಇಳಿದು ಮುಖ ಮೊದಲಿನಂತಾದ ಮೇಲೆ, "ಏನೇ, ಇವತ್ತು ಒಂಥರಾ ಕಾಣ್ತೀಯಲ್ಲ?" ಎಂದರು! ಇಂಥವರ ಬಗ್ಗೆ ಬರೆಯಲು ಹೆದರಿಕೆ ಯಾತರದು? ಓದಬೇಕಾದರೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯಬೇಕಲ್ಲ, ಅದು ಅವರಿಂದ ಆಗದ ಕೆಲಸ.

ಹೆಸರು ಮಾತ್ರ ಕೇಳಬೇಡಿ. ಮದುವೆಯ ಒಸಗೆಯಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ ಒಡಪಿನಲ್ಲಿ ಒಂದು ಸಲ ಹೇಳಿದ್ದೆ, ಅದೇ ಮೊದಲು, ಅದೇ ಕೊನೆ. ಕೆಲಸ ಹೇಳುತ್ತೇನೆ: ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸರ್ಕಾರ ಅವರನ್ನು ಎತ್ತಿ ಎತ್ತಿ ಇಟ್ಟಿತು. ಅವರ ಜೊತೆಗೆ ನನ್ನನ್ನೂ, ನನ್ನ ಪಾತ್ರೆ ಪಡಗವನ್ನೂ, ನನ್ನ ಅತ್ತೆಯನ್ನೂ. ದನಗಳಿಗೆ ರೋಗ ಬಂದರೆ ಮದ್ದು ಕೊಡುವುದು, ಬೆದೆಗೆ ಬಂದ ಹಸುಗಳಿಗೆ ಸೀಮೆತಳಿಯ ಸೂಜಿ ಹಾಕಿ ಗಬ್ಬ ಕಟ್ಟಿಸುವುದು ಅವರ ನೌಕರಿ. ಮಾತು ಒರಟಾಯಿತೆಂದು ಮೂಗು ಮುರಿಯಬೇಡಿ. ಆ ನೌಕರಿಯ ದೆಸೆಯಿಂದ ನಾನು ಕೇಳಿದ್ದು ಇದಕ್ಕಿಂತ ಒರಟಾದ ಮಾತು. ನಮಗೆ ಮಕ್ಕಳಾಗಲಿಲ್ಲ. ನಮ್ಮ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು:

"ಊರ ದನಕ್ಕೆಲ್ಲ ಗಬ್ಬ ಕಟ್ಟಿಸ್ತಾನೆ ನನ್ನ ಮಗ. ಮನೆಯಾಗಿರೋ ಈ ಗೊಡ್ಡಿಗೆ ಯಾವ ಸೂಜಿ ಹಾಕಾಕೆ ಬರ್ತೈತೆ ಹೇಳ್ರಿ!"

ಬಂದವರು ನಗುತ್ತಿದ್ದರು. ನಾನು ಒಳಗಿನಿಂದ ಅವರಿಗೇ ಚಹಾ ತಂದುಕೊಡುತ್ತಿದ್ದೆ. ಸಕ್ಕರೆ ಹಾಕಿಯೇ ಕೊಡುತ್ತಿದ್ದೆ, ಶಿವ ಅಷ್ಟು ತಾಳ್ಮೆ ಕೊಟ್ಟಿದ್ದ.

ಅತ್ತೆಯ ಎರಡನೆಯ ಮಾತು ಮಗನಿಗೆ. "ಇನ್ನೊಂದು ತಂದ್ಕಳೋ. ಇವಳೂ ಇರ್ಲಿ ಒಂದು ಮೂಲೇಗೆ." ಸರ್ಕಾರಿ ನೌಕರಿಗೆ ಕುತ್ತು ಬರುತ್ತದೆ ಎಂದು ನಾದಿನಿಯ ಗಂಡ ಅಂದರೆ, "ಗುಡಿಯಾಗೆ ತಾಳಿ ಕಟ್ಟಿದ್ರೆ ಯಾವ ಸರ್ಕಾರಕ್ಕೆ ಗೊತ್ತಾಗ್ತೈತೆ? ಹಿರೇಳು ನಾಲ್ಕು ಜನರ ಮುಂದೆ ಹೂಂ ಅಂದ್ರೆ ಆಯ್ತು. ಅರ್ಜಿ ಕೊಡೋಳು ಅವಳೇ ತಾನೆ?" ಎನ್ನುತ್ತಿದ್ದರು. ಇಷ್ಟೆಲ್ಲ ನಡೆಯುವಾಗ ನಮ್ಮನೆಯವರು ಏನು ಮಾಡುತ್ತಿದ್ದರು ಅಂತೀರಿ? ಕಿಟಕಿಯಲ್ಲಿ ಕತ್ತು ಹೊರಗೆ ಹಾಕಿ, "ಅವ್ವಾ, ಗಲಾಟೆ ಮಾಡಬ್ಯಾಡ, ಹಾರಿಹೋಗ್ತೈತೆ" ಎನ್ನುತ್ತಿದ್ದರು! ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆ ಹೂಂ ಬಾರದೆ ಹೊತ್ತು ಮುಳುಗಿದ ಪ್ರತಿ ಸಂಜೆ ದೇವರಿಗೆ ದೀಪ ಹಚ್ಚಿ, ಇವತ್ತಿಗೆ ಇಷ್ಟು ಸಾಕು ತಂದೆ, ಎನ್ನುತ್ತಿದ್ದೆ.

ಹಕ್ಕಿಯ ಹುಚ್ಚು ಹತ್ತಿದ್ದು ಚನ್ನಗಿರಿಯಲ್ಲಿ. ಚುಚ್ಚುಮದ್ದಿನ ಪೆಟ್ಟಿಗೆ ಕಟ್ಟಿಕೊಂಡು ಸೂಳೆಕೆರೆಯ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಒಂದು ಚಳಿಗಾಲ ಕೆರೆಯ ನಡುವೆ, ತಲೆಯ ಮೇಲೆ ಕರಿ ಪಟ್ಟೆ ಇರುವ ಬಾತುಗಳನ್ನು ಕಂಡರಂತೆ. ಅವು ಹಿಮಾಲಯ ದಾಟಿ ಬರುವಂಥವಂತೆ. ಮರುದಿನ ಆಸ್ಪತ್ರೆಯಲ್ಲಿ ಹೇಳಿದರೆ ಅಲ್ಲಿನ ಜವಾನ, "ಹಿಮಾಲಯದಿಂದ ಚನ್ನಗಿರಿಗೆ ಯಾಕೆ ಬಂದ್ವಂತೆ ಸಾರ್, ಅಡಿಕೆ ವ್ಯಾಪಾರಕ್ಕಾ?" ಎಂದನಂತೆ. ಎಲ್ಲರೂ ನಕ್ಕರಂತೆ. "ಫೋಟೋ ತೋರ್ಸಿ, ನಂಬ್ತೀವಿ" ಎಂದರಂತೆ. ಅಷ್ಟೇ ಆದದ್ದು! ಹೆಂಡತಿಗೆ ಜನ ಏನೆಂದರೂ ಕಿವಿಗೆ ಹಾಕಿಕೊಳ್ಳದ ಮನುಷ್ಯನಿಗೆ ಬಾತುಗಳನ್ನು ಅಂದದ್ದು ತಡೆಯಲಾಗಲಿಲ್ಲ.

ಅದೇ ಹೊತ್ತಿಗೆ ನಾಲೆ ಅಳೆಯುವವರ ಹಳೇ ಸಾಮಾನು ಹರಾಜಿಗೆ ಬಂದಿತ್ತು. ಎಲ್ಲರೂ ಕುರ್ಚಿ, ಟಾರ್ಪಾಲು ಕೂಗಿಕೊಂಡರೆ ನಮ್ಮವರು ಅಳತೆಯ ದುರ್ಬೀನು ತಂದರು. ಮೊಳದುದ್ದದ ಹಿತ್ತಾಳೆ ಕೊಳವೆ, ಅದನ್ನು ನಿಲ್ಲಿಸಲು ಮರದ ಮುಕ್ಕಾಲಿ. ಮುಕ್ಕಾಲಿಯನ್ನು ಅಂಗಳದಲ್ಲಿ ಊರಿ, ದೂರದ ಗುಡಿಯ ಕಡೆಗೆ ತಿರುಗಿಸಿ, "ಅವ್ವ, ಬಾ ನೋಡು" ಎಂದು ಅತ್ತೆಯನ್ನು ಕರೆದರು. ಅಳತೆಯವರ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಗುಣಿಸಿ ಭಾಗಿಸುವವರಿಗೆ ಅದರಿಂದ ತೊಂದರೆ ಇಲ್ಲವಂತೆ. ನಮ್ಮ ಅತ್ತೆಗೆ ಅದನ್ನು ಯಾರು ಹೇಳಬೇಕು? ಕಣ್ಣಿಟ್ಟವರೇ, ಗುಡಿ ಕಳಸ ಕೆಳಗೆ ಮಾಡಿ ಜೋತಾಡುವುದನ್ನು ಕಂಡು "ಅಯ್ಯಯ್ಯೋ, ಲೋಕ ಮುಳುಗ್ತು!" ಎಂದು ಚೀರಿದರು. ಅಂಗಳದಲ್ಲೇ ಕುಸಿದು ಕುಳಿತರು. ಆಮೇಲೆ ಕಣ್ಣು ತೊಳೆದು, ಮಡಿಯುಟ್ಟು, ಜಪಕ್ಕೆ ಕುಳಿತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಆ ದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ನನ್ನನ್ನು ಯಾರೂ ಬಯ್ಯಲಿಲ್ಲ. ದುರ್ಬೀನಿನಿಂದ ನನಗಾದ ಲಾಭ ಏನಾದರೂ ಇದ್ದರೆ ಅದೊಂದೇ!

ದುರ್ಬೀನಿನಲ್ಲಿ ಹಕ್ಕಿ ಕಂಡಿತು, ಸರಿ. ಆದರೆ ನೋಡಿದ್ದನ್ನು ಆಸ್ಪತ್ರೆಯವರ ಮುಂದೆ ಇಡುವುದು ಹೇಗೆ? ಕ್ಯಾಮೆರಾ ಬೇಕು. ಹೊನ್ನಾಳಿಗೆ ವರ್ಗವಾದಾಗ ಅಲ್ಲೊಬ್ಬರು ಮುದಿ ಸ್ಟುಡಿಯೋದವರು ಅಂಗಡಿ ಮುಚ್ಚುತ್ತಿದ್ದರು. ಒಂದು ಸಂಜೆ ನಮ್ಮವರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಮುಂಗೈ ಬೋಳಾಗಿತ್ತು. ಮದುವೆಯಲ್ಲಿ ನಮ್ಮಪ್ಪ ಕಟ್ಟಿದ ಕೈಗಡಿಯಾರ!

"ಗಡಿಯಾರ ಎಲ್ಲಿ ರೀ?"

"ಕೊಟ್ಟೆ. ಹಕ್ಕಿ ಬರಾಕೆ ಟೈಮ್ ಐತೇನೇ? ಅವು ಬಂದಾಗಲೇ ಟೈಮು."

ಈಗ ತೊಡಕು ಬಂದದ್ದು ಇವೆರಡರ ಬೀಗತನದಲ್ಲಿ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ದುರ್ಬೀನಿನ ಕಣ್ಣಿಗೆ ಒಡ್ಡಿದರೆ ಅಲುಗಾಡುತ್ತದೆ, ಓರೆಯಾಗುತ್ತದೆ, ನಡುವಿನ ಸಂದಿನಿಂದ ಬೆಳಕು ನುಗ್ಗುತ್ತದೆ. ಇದರ ಮೂತಿಗೂ ಅದರ ಬಾಲಕ್ಕೂ ನಡುವೆ ಒಂದು ಕೊಳವೆ ಬೇಕು. ಆ ಕೊಳವೆಗಾಗಿ ನಮ್ಮವರು ನನ್ನ ಅಡುಗೆಮನೆ ಹೊಕ್ಕರು. ಮದುವೆಯಾದಂದಿನಿಂದ ಒಂದು ಲೋಟ ನೀರಿಗೂ ಒಳಗೆ ಬಾರದವರು! ಹಾಲಿನ ಲೋಟ ಹಾಕಿ ನೋಡಿದರು, ದೊಡ್ಡದಾಯಿತು. ಇಂಗಿನ ಡಬ್ಬಿ ಚಿಕ್ಕದಾಯಿತು. ದೇವರ ಮಾಡಕ್ಕೆ ಕೈಹಾಕಿ ನನ್ನ ವಿಭೂತಿ ಕರಡಿಗೆ ಎತ್ತಿದಾಗ, "ಶಿವನಾಣೆ, ಅದೊಂದು ಮುಟ್ಟಿದ್ರೆ ನಾನು ಕೆರೆಗೆ ಹಾರ್ತೀನಿ" ಎಂದೆ. "ಹೊನ್ನಾಳಿಯಾಗಿರೋದು ಹೊಳೆ" ಎಂದು ತಿದ್ದಿ, ಕರಡಿಗೆ ಕೆಳಗಿಟ್ಟರು. ಆಮೇಲೆ ಅವರ ಕಣ್ಣು ಅಟ್ಟದ ಮೇಲಿದ್ದ ಚಕ್ಕುಲಿ ಒರಳಿಗೆ ಬಿತ್ತು. ಗಟ್ಟಿ ಹಿತ್ತಾಳೆಯದು, ನನ್ನ ತವರಿನ ಬಳುವಳಿ. ಹಿಡಿ ತೆಗೆದರು, ಬಿಲ್ಲೆ ತೆಗೆದರು, ದುರ್ಬೀನಿನ ಬಾಲಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಒರಳನ್ನು ತೂರಿಸಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು!

ಇನ್ನೊಂದು ತುದಿಗೆ ಕ್ಯಾಮೆರಾ ಕೂರಲು ಬಳೆ ಬೆಸೆಯಬೇಕಾಗಿತ್ತು. ಬೀದಿಗೆ ಬರುತ್ತಿದ್ದ ಕಲಾಯಿ ಸಾಬರಿಗೆ ಕೊಟ್ಟರು. ಸಾಬರು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ತಿರುಗಿದರು.

"ಅಕ್ಕಾರೇ, ಇದು ಚಕ್ಲಿ ಒತ್ತೋದಲ್ವಾ?"

"ಹೌದು ಸಾಬರೇ."

"ಇದರಾಗೆ ಹಕ್ಕಿ ಬರ್ತೈತಾ?"

"ಅವರನ್ನೇ ಕೇಳ್ರಿ."

"ಬ್ಯಾಡ ಬಿಡ್ರಿ ಅಕ್ಕಾರೇ. ಸಾಹೇಬ್ರು ಹೇಳಾಕೆ ಶುರು ಮಾಡಿದ್ರೆ ನನ್ನ ಇದ್ದಲೆಲ್ಲ ಬೂದಿ ಆಗ್ತೈತೆ."

ಹೊಳೆಯ ದಡದಲ್ಲಿ ಇಡೀ ಭಾನುವಾರ ಒಣಗಿ ಮೊದಲ ರೋಲು ಮುಗಿಸಿದರು. ದಾವಣಗೆರೆಯಲ್ಲಿ ತೊಳೆಸಿಕೊಂಡು ಬಂದರೆ ಪಟಗಳೆಲ್ಲ ಕಪ್ಪಗೆ, ನಡುವೆ ಒಂದು ಬೆಳ್ಳಗಿನ ಗುಂಡು. ಗುಂಡಿನೊಳಗೆ ಏನೋ ಮಬ್ಬು ಮಬ್ಬು. "ಇದು ಮೀನು ಹಿಡಿಯೋ ರೀವ ಹಕ್ಕಿ, ಇದು ಅದರ ಕೊಕ್ಕು" ಎಂದು ನಮ್ಮವರು ಬೆರಳಿಟ್ಟು ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ರೊಟ್ಟಿ ಸೀದೈತೆ" ಎಂದರು. ಆ ಮನೆಯಲ್ಲಿ ನಾನೂ ಅತ್ತೆಯೂ ಒಪ್ಪಿದ ಮಾತು ಅದೊಂದೇ.

ದೀಪಾವಳಿಗೆ ನಮ್ಮನೆಯಲ್ಲಿ ಚಕ್ಕುಲಿ ಇಲ್ಲ. ಪಕ್ಕದ ಮನೆಯಾಕೆ ಬಾಗಿನದ ತಟ್ಟೆ ನೋಡಿ, "ಯಾಕ್ರೀ, ಈ ಸಲ ಚಕ್ಲಿ ಮಾಡ್ಲಿಲ್ವಾ? ಮಕ್ಕಳು ಮರಿ ಇಲ್ಲ, ಯಾರಿಗಂತ ಮಾಡ್ತೀರಿ ಬಿಡಿ" ಎಂದಳು. ಒರಳು ಹೊಳೆಯ ದಡದಲ್ಲಿ ಹಕ್ಕಿ ನೋಡುತ್ತಿದೆ ಎಂದು ಹೇಳುವುದೋ? ಬಂಜೆ ಎಂಬ ಹೆಸರಿನ ಜೊತೆ ಹುಚ್ಚಿ ಎಂಬ ಹೆಸರೂ ಯಾಕೆ ಎಂದು ಸುಮ್ಮನಾದೆ.

ನ್ಯಾಮತಿಗೆ ಹೋಗುವ ಹೊತ್ತಿಗೆ ಪಟ ಅಷ್ಟಿಷ್ಟು ಪಳಗಿತ್ತು, ಆದರೆ ಅಲುಗಾಟ ನಿಲ್ಲಲಿಲ್ಲ. ಹಕ್ಕಿಯನ್ನು ಅಷ್ಟು ದೂರದಿಂದ ಎಳೆದು ತರುವಾಗ ಇಲ್ಲಿ ಕೂದಲೆಳೆ ಅಲುಗಿದರೆ ಅಲ್ಲಿ ಮಾರುದ್ದ ಅಲುಗುತ್ತದಂತೆ. ಅದಕ್ಕೆ ಮುಕ್ಕಾಲಿಯ ಹೊಟ್ಟೆಗೆ ಹಗ್ಗ ಕಟ್ಟಿ ನನ್ನ ರುಬ್ಬುವ ಒರಳಿನ ಗುಂಡುಕಲ್ಲನ್ನು ನೇತುಹಾಕಿದರು. ನಮ್ಮನೆಯಲ್ಲಿ ಚಟ್ನಿಯೂ ನಿಂತಿತು! ಅದೂ ಸಾಲದೆ, "ನೀನೂ ಬಾ, ಕಾಲು ಹಿಡ್ಕಳಾಕೆ" ಎಂದರು. ಗಂಡ ಜೊತೆಗೆ ಕರೆದುಕೊಂಡು ಹೋಗುತ್ತಾನೆಂದು ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋದೆ. ಹಿಡಿಯಬೇಕಾಗಿದ್ದದ್ದು ಮುಕ್ಕಾಲಿಯ ಕಾಲು. ಕೆರೆ ಏರಿಯ ಮೇಲೆ, ಸುಡುಬಿಸಿಲಿನಲ್ಲಿ ಮಂಡಿಯೂರಿ ಹಿಡಿದುಕೊಂಡೆ. "ಉಸಿರಾಡಬ್ಯಾಡ!" ಎಂದರು. ಎಷ್ಟು ಹೊತ್ತು ಎಂದು ಕೇಳಲು ಉಸಿರು ಬೇಕಲ್ಲ?

ಅಷ್ಟರಲ್ಲಿ ಏರಿಯ ಮೇಲೆ ಜನ ಕೂಡಿತು. ಆ ಸೀಮೆಯಲ್ಲಿ ಮುಕ್ಕಾಲಿಯ ಮೇಲೆ ದುರ್ಬೀನು ಕಂಡರೆ ಜನಕ್ಕೆ ಗೊತ್ತಿರುವುದು ಒಂದೇ ಅರ್ಥ: ಸರ್ವೆಯವರು ಬಂದರು, ಯಾರದೋ ಜಮೀನು ಹೋಯಿತು! ಒಬ್ಬ ಮುದುಕ ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದ. ಹಿಂದೆ ಅವನ ಆಳು ಎಳನೀರಿನ ಗೊನೆ ಹೊತ್ತಿದ್ದ.

"ಸ್ವಾಮೀ, ನಾಲೆ ನಮ್ಮ ತೋಟದಾಗೆ ಬ್ಯಾಡ್ರಿ."

"ಶ್!" ಎಂದರು ನಮ್ಮವರು, ಕಣ್ಣು ತೆಗೆಯದೆ.

"ಆ ಹುಣಸೇಮರದ ಕಡೀಲಿಂದ ತಗಂಡು ಹೋಗ್ರಿ. ಅದು ಚೆಂದಾಗೈತೆ, ತಗ್ಗೂ ಐತೆ."

"ಅದು ಯಾರ ಹೊಲ ಅಜ್ಜಾ?" ನಾನೇ ಕೇಳಿದೆ, ಉಸಿರು ಬಿಟ್ಟು.

"ನಮ್ಮ ದಾಯಾದೀದು ತಾಯೀ!"

ದಾಯಾದಿಯೂ ಅಲ್ಲೇ ನಿಂತಿದ್ದ! ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಇಬ್ಬರೂ ಕೈ ಕೈ ಮಿಲಾಯಿಸಿ ಏರಿಯ ಕೆಳಗೆ ಉರುಳಿದರು. ಕೆರೆಯ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಶಿಕಾರಿಪುರದ ದಿಕ್ಕಿಗೆ ಹಾರಿದವು. ನಮ್ಮವರು ಜಗಳದ ಕಡೆ ಒಮ್ಮೆಯೂ ನೋಡದೆ ನನ್ನನ್ನು ನೋಡಿ, "ನೀನು ಉಸಿರು ಬಿಟ್ಟಿದ್ದಕ್ಕೇ ಎಲ್ಲಾ ಹಾಳಾತು" ಎಂದರು! ಎಳನೀರು ಮಾತ್ರ ನಮಗೆ ಉಳಿಯಿತು. ಸಣ್ಣದಕ್ಕೂ ದೇವರನ್ನು ನೆನೆಯಬೇಕು.

ನಗುವುದು ಇಲ್ಲಿಗೆ ಸಾಕು. ಮುಂದಿನದು ನಗುವ ವಿಷಯವಲ್ಲ.

ಮದುವೆಯಾದ ಎರಡನೆಯ ವರ್ಷ ನನಗೆ ನಿಂತಿತ್ತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ಪದ್ಧತಿ ನಮ್ಮದು. ನನ್ನ ತಾಯಿಗೆ ಮಾತ್ರ ಹೇಳಿದ್ದೆ. ಅವ್ವ ಹಿಗ್ಗು ತಡೆಯಲಾರದೆ, ಬಸುರಿಗೆ ದೃಷ್ಟಿಯಾಗದಿರಲೆಂದು ಉಡಿಸುವ ಕರಿ ಚಂದ್ರಕಾಳಿ ಸೀರೆ ತಂದಿಟ್ಟಳು. ಉಡಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ದಾವಣಗೆರೆಯ ಲೇಡಿ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ಇನ್ನು ನಿಲ್ಲುವುದಿಲ್ಲಮ್ಮ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಅದು ಗೊತ್ತಿದ್ದದ್ದು ನನಗೆ, ಅವ್ವನಿಗೆ, ಇವರಿಗೆ. ಅತ್ತೆಯ ಕಿವಿಗೆ ಬಿದ್ದಿರಲಿಲ್ಲ. ಸೀರೆಯನ್ನು ಮಡಿಕೆ ಬಿಚ್ಚದೆ ಟ್ರಂಕಿನ ತಳದಲ್ಲಿ ಇಟ್ಟಿದ್ದೆ.

ನ್ಯಾಮತಿಯಲ್ಲಿ ಒಂದು ದಿನ ಮಠದಿಂದ ಬರುತ್ತೇನೆ, ನಮ್ಮವರು ನಡುಮನೆಯಲ್ಲಿ ಕತ್ತರಿ ಹಿಡಿದು ಕುಳಿತಿದ್ದಾರೆ. ಚಂದ್ರಕಾಳಿ ಅರ್ಧವಾಗಿದೆ. ಒರಳಿಗೂ ಕ್ಯಾಮೆರಾಕ್ಕೂ ನಡುವೆ ಸುತ್ತಲು ಗವಸು ಹೊಲಿಯುತ್ತಿದ್ದಾರೆ.

"ಬೆಳಕು ಸೋರ್ತಿತ್ತು ಕಣೇ. ಇಷ್ಟು ಕರ್ರಗಿರೋ ಬಟ್ಟೆ ಮನೆಯಾಗೆ ಬ್ಯಾರೆ ಯಾವ್ದೂ ಇರ್ಲಿಲ್ಲ."

"ಯಾವ ಸೀರೆ ಅಂತ ಗೊತ್ತೇನ್ರೀ ಅದು?"

"ಹತ್ತೀದು. ರೇಷ್ಮೆ ಆಗಿದ್ರೆ ಮಿಂಚ್ತಿತ್ತು, ಬರ್ತಿರ್ಲಿಲ್ಲ."

ನಾನು ಕಣ್ಣೀರು ಹಾಕಿದೆನೋ, ಬಯ್ದೆನೋ? ಏನೂ ಇಲ್ಲ. ಉಳಿದ ಅರ್ಧವನ್ನು ಮಡಚಿ ಒಳಗಿಟ್ಟೆ. ಆಮೇಲೆ ಎಷ್ಟೋ ದಿನ ಅವರೊಡನೆ ಮಾತಾಡಲಿಲ್ಲ. ಅದು ಅವರ ಗಮನಕ್ಕೆ ಬರಲಿಲ್ಲ, ಏಕೆಂದರೆ ಆ ಸಲ ಪಟ ಚೆನ್ನಾಗಿ ಬಂದಿತ್ತು. ಮೀಂಚುಳ್ಳಿಯೊಂದು ಕೊಕ್ಕಿನಲ್ಲಿ ಮೀನು ಹಿಡಿದು ಕುಳಿತಿತ್ತು, ರೆಕ್ಕೆಯ ಎಳೆ ಎಳೆಯೂ ಕಾಣುವಂತೆ. ಸುತ್ತ ನನ್ನ ಸೀರೆಯ ಕತ್ತಲು. ಅದನ್ನು ಚೌಕಟ್ಟು ಹಾಕಿಸಿ ದೇವರ ಪಟಗಳ ಸಾಲಿಗೆ ಮೊಳೆ ಹೊಡೆದರು. ದಿನಾ ಊದಿನಕಡ್ಡಿ ಬೆಳಗುವಾಗ ಆ ಹಾಳು ಹಕ್ಕಿಗೂ ಹೊಗೆ ಹೋಗುತ್ತಿತ್ತು. ಮುಖ ಆ ಕಡೆ ತಿರುಗಿಸಿಯೇ ಬೆಳಗುತ್ತಿದ್ದೆ.

ಜಗಳೂರಿಗೆ ವರ್ಗವಾಯಿತು. ಹಸಿರು ಮುಗಿದು ಕುರುಚಲು ಶುರುವಾಗುವ ಸೀಮೆ. ಇಲ್ಲಿ ಕೆರೆಯಲ್ಲಿ ಹನಿ ನೀರಿಲ್ಲ, ಇನ್ನು ಹಕ್ಕಿ ಎಲ್ಲಿಂದ ಬರಬೇಕು ಎಂದು ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಕೈ ಇಳಿಸುವ ಮೊದಲೇ ನಮ್ಮವರಿಗೆ ಯರೆಭೂತ ಹಿಡಿಯಿತು! ಭೂತವೆಂದರೆ ಭೂತವಲ್ಲ. ಹುಲ್ಲುಗಾವಲಿನಲ್ಲಿ ಓಡಾಡುವ, ಮನುಷ್ಯನ ಸೊಂಟದೆತ್ತರದ ಹಕ್ಕಿ. ದೇಶದಲ್ಲೇ ಇನ್ನೇನು ಮುಗಿಯುತ್ತ ಬಂದಿದೆಯಂತೆ. ಬಿಳಿಚೋಡಿನ ಕಡೆ ಕುರಿ ಕಾಯುವವರು ಕಂಡಿದ್ದಾರೆ ಎಂದು ಯಾರೋ ಹೇಳಿದ್ದೇ, ಇವರಿಗೆ ಊಟ ಸೇರದಾಯಿತು. ಅದೊಂದರ ಪಟ ಸಿಕ್ಕಿಬಿಟ್ಟರೆ ಚನ್ನಗಿರಿಯಿಂದ ಇಲ್ಲಿಯವರೆಗೆ ನಕ್ಕವರೆಲ್ಲ ಬಾಯಿ ಮುಚ್ಚುತ್ತಾರೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದರು.

ಅದೇ ವರ್ಷ ಅತ್ತೆ ಬಿಳಿಚೋಡಿನ ಹತ್ತಿರದ ಹಳ್ಳಿಯಲ್ಲಿ ಒಂದು ಹೆಣ್ಣು ಗೊತ್ತುಮಾಡಿಕೊಂಡು ಬಂದರು. ಬಡವರು, ಮೂರನೆಯ ಮಗಳು, ಎರಡನೆಯ ಸಂಬಂಧಕ್ಕೂ ಒಪ್ಪಿದ್ದಾರೆ. "ಬರೋ ಸೋಮವಾರ ನೋಡಾಕೆ ಹೋಗೋದು" ಎಂದರು ಮಗನಿಗೆ. ಎಂದಿನಂತೆ ಕಿಟಕಿಯ ಕಡೆ ತಿರುಗುತ್ತಾರೆ ಎಂದುಕೊಂಡೆ.

"ಎಲ್ಲಿ? ಬಿಳಿಚೋಡಿನ ಕಡೇನಾ? ಹುಲ್ಲುಗಾವಲಿನ ಮಗ್ಗುಲಾಗಾ?" ಎಂದರು. "ಹೂಂ, ಬರ್ತೀನಿ!"

ಅಷ್ಟು ವರ್ಷ ಬಾರದಿದ್ದ ಹೂಂ ಬಂದೇ ಬಿಟ್ಟಿತು! ಒಂದು ಹಕ್ಕಿಗಾಗಿ ಬಂತು. ಆ ಸಂಜೆ ನಾನು ದೀಪ ಹಚ್ಚಿದೆ, ದೇವರಿಗೆ ಏನೂ ಹೇಳಲಿಲ್ಲ. ಹೇಳಲು ಏನು ಉಳಿದಿತ್ತು?

ನನ್ನನ್ನೂ ಕರೆದುಕೊಂಡು ಹೋದರು. ಹಿರಿಯಳು ತನ್ನ ಕೈಯಾರೆ ಹುಡುಗಿಗೆ ಕುಂಕುಮವಿಟ್ಟು ಒಪ್ಪಿಗೆ ಹೇಳಬೇಕಲ್ಲ! ಬಸ್ಸಿನಲ್ಲಿ ಅತ್ತೆಯ ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ, ನಾದಿನಿಯ ಮಡಿಲಲ್ಲಿ ಹುಡುಗಿಗೆ ಸೀರೆ, ನನ್ನ ಮಡಿಲಲ್ಲಿ ಗುಂಡುಕಲ್ಲು.

ಹುಡುಗಿಯ ಮನೆ ಊರ ತುದಿಗಿತ್ತು. ಅದರಾಚೆ ಕಣ್ಣು ಹರಿಯುವವರೆಗೆ ಹುಲ್ಲು. ನಮ್ಮವರು ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮಗ್ಗುಲಲ್ಲಿ ಮುಕ್ಕಾಲಿ ಊರಿ ಕುಳಿತರು. ಮದುವೆ ಗಂಡಿಗೆಂದು ಹಾಸಿದ ಜಮಖಾನೆ ಖಾಲಿ! ಮಂಡಕ್ಕಿ ಒಗ್ಗರಣೆ ಬಂತು, ಮಿರ್ಚಿ ಬಂತು, ಗಂಡು ಮಾತ್ರ ಒಳಗೆ ಬರಲೊಲ್ಲ. ಬೇರೆ ದಾರಿ ಕಾಣದೆ ಹುಡುಗಿಯ ಅಪ್ಪ ಮಗಳ ಕೈಯಲ್ಲಿ ಚಹಾ ಕೊಟ್ಟು ಹೊರಗೇ ಕಳಿಸಿದ. ಅವಳು ಲೋಟ ಕಟ್ಟೆಯ ಮೇಲಿಟ್ಟು, ಕುತೂಹಲ ತಡೆಯದೆ, ದುರ್ಬೀನಿಗೆ ಕಣ್ಣಿಟ್ಟಳು.

"ಅಯ್ಯ, ಯರೆಭೂತ! ಕಾಲು ಮ್ಯಾಕೆ ಮಾಡಿ ಯಾಕೆ ನಡೀತೈತೆ?"

"ಹೌದಾ? ಎಲ್ಲಿ? ಎಲ್ಲಿ?" ನಮ್ಮವರು ಕಣ್ಣಿಟ್ಟರು. ಬೆನ್ನು ನೆಟ್ಟಗಾಯಿತು. "ಅವ್ವಾ! ಹುಡುಗಿಗೆ ಹಕ್ಕಿ ಗೊತ್ತೈತೆ!"

"ಒಪ್ಪಿದ ಅಂತಾತು ಬಿಡ್ರಿ" ಎಂದು ಒಳಗೆ ಅತ್ತೆ ನಕ್ಕರು. ಎಲ್ಲರೂ ನಕ್ಕರು. ಆ ಹುಡುಗಿಯನ್ನು ನೋಡಿದೆ. ಕಣ್ಣು ಚುರುಕು, ನಗು ಚೆಂದ, ಹಕ್ಕಿಯ ಹೆಸರೂ ಗೊತ್ತು. ಅವಳನ್ನು ಶಪಿಸಲು ಬಾಯಿ ಬರಲಿಲ್ಲ. ಅವಳದೇನು ತಪ್ಪು?

ಅತ್ತೆ ಕುಂಕುಮದ ಬಟ್ಟಲನ್ನು ನನ್ನ ಮುಂದೆ ತಳ್ಳಿದರು. ನಾಲ್ಕು ಜನ ಹಿರಿಯರು ಸುತ್ತ ಕುಳಿತಿದ್ದರು.

"ಬಾಯಿ ಬಿಟ್ಟು ಹೇಳಮ್ಮಾ. ನನಗೆ ಮಕ್ಕಳಾಗಂಗಿಲ್ಲ, ಒಪ್ಪಿ ಇನ್ನೊಬ್ಬಳನ್ನ ತರ್ತಿದೀನಿ ಅಂತ ಹೇಳು. ಎಲ್ಲರಿಗೂ ಕೇಳಂಗೆ ಹೇಳು."

ಬಾಗಿಲಿನಿಂದ ನಮ್ಮವರ ಬೆನ್ನು ಕಾಣುತ್ತಿತ್ತು. ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ನಾನು ಬಟ್ಟಲು ಕೈಗೆ ತೆಗೆದುಕೊಂಡು ಬಾಯಿ ತೆರೆದೆ. "ನನಗೆ..." ಎಂದೆ.

"ಇನ್ನೂ ಜೋರಾಗಿ!" ಎಂದರು ಅತ್ತೆ.

ಹೊರಗಿನಿಂದ ಹುಡುಗಿಯ ಅಪ್ಪನ ದನಿ ಕೇಳಿಸಿತು: "ಯಾಕ್ರಿ ಎದ್ರಿ? ಹಕ್ಕಿ ಬಯಲಿಗೆ ಬಂದು ನಿಂತೈತಲ್ರಿ, ಗುಂಡಿ ಒತ್ತಲ್ವಾ?"

ನಮ್ಮವರು ಒಳಗೆ ಬಂದಿದ್ದರು. ಚಪ್ಪಲಿ ಕಾಲಲ್ಲೇ ಇತ್ತು. ನನ್ನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟರು.

"ಅವ್ವ, ಅವಳನ್ನ ಕೇಳಬ್ಯಾಡ. ಕೊರತೆ ಇರೋದು ನನ್ನಾಗೆ. ದಾವಣಗೆರೆ ಡಾಕ್ಟ್ರು ಪರೀಕ್ಷೆ ಮಾಡಿ ಹೇಳಿದಾರೆ. ನೀನು ಎಷ್ಟು ಹೆಣ್ಣು ತಂದ್ರೂ ಅಷ್ಟೇಯ. ಈ ಕೂಸಿನ ಬಾಳು ಯಾಕೆ ಹಾಳು ಮಾಡ್ತೀಯ?"

ಅತ್ತೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಿರಿಯರೊಬ್ಬರು ಮೀಸೆಯ ಕೆಳಗೆ ನಕ್ಕರು, ಇನ್ನೊಬ್ಬರು "ದನದ ಡಾಕ್ಟ್ರಿಗೇ!" ಎಂದು ಪಕ್ಕದವರ ಕಿವಿಯಲ್ಲಿ ಉಸುರಿದ್ದು ನಮಗೆಲ್ಲ ಕೇಳಿಸಿತು. ಅವರಿಗೂ ಕೇಳಿಸಿತು. ಆ ಮಾತು ನಮಗಿಂತ ಮೊದಲು ಜಗಳೂರು ಮುಟ್ಟಿತು. ಮುಂದೆ ಎಷ್ಟೋ ವರ್ಷ ಹಳ್ಳಿಗಳಲ್ಲಿ ಅವರು ಹಸುವಿಗೆ ಸೂಜಿ ಹಾಕಲು ಹೋದಾಗಲೆಲ್ಲ ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು. ಬಾತು ಕಂಡದ್ದನ್ನು ನಂಬದೆ ನಕ್ಕರೆಂದು ದುರ್ಬೀನು ಕೊಂಡ ಮನುಷ್ಯ, ಆ ನಗೆಗೆ ಒಂದು ದಿನವೂ ಉತ್ತರ ಕೊಡಲಿಲ್ಲ.

ಯಾವ ಡಾಕ್ಟರೂ ಅವರನ್ನು ಪರೀಕ್ಷೆ ಮಾಡಿರಲಿಲ್ಲ. ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ದಾವಣಗೆರೆಗೆ ಹೋದರೆ ಫಿಲ್ಮು ತೊಳೆಯುವ ಅಂಗಡಿ ಬಿಟ್ಟು ಬೇರೆ ಮೆಟ್ಟಿಲು ಹತ್ತಿದವರಲ್ಲ.

ಹೊರಗೆ ಬಂದಾಗ ಹುಲ್ಲಿನ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವರು ಮುಕ್ಕಾಲಿ ಮಡಚಿದರು. ಬಸ್ಸಿನಲ್ಲಿ ಅತ್ತೆ, ನಾದಿನಿ ಮುಂದೆ ಕುಳಿತರು, ನಾವಿಬ್ಬರೂ ಹಿಂದೆ. ಮುಂದಿನವರಿಗೆ ಕೇಳದಂತೆ ಮೆಲ್ಲಗೆ ಕೇಳಿದೆ:

"ಯಾವ ಡಾಕ್ಟ್ರು ರೀ ಅದು?"

"ನಿಂಗ್ಯಾಕೆ ಡಾಕ್ಟ್ರು?" ಎಂದರು. ನನ್ನ ಮುಖವನ್ನೇ ನೋಡುತ್ತಿದ್ದರು. "ನಿಂಗೇನಾಗೈತೆ? ಏನೂ ಆಗಿಲ್ಲ."